ಖಾಲಿ ಪೆಟ್ಟಿಗೆಯ ಔಷಧಿ

೧೯೭೮ರ ಅಕ್ಟೋಬರ್ ೧೭, ಬೆಳಿಗ್ಗೆ ೯ ಗಂಟೆ ೧೦ ನಿಮಿಷ. ಕ್ಯೋಟೊದ ಹಳೆಯ ಅರಮನೆಯ ಹಿಂದಿರುವ ಠಾಣೆಗೆ ಹಗಿನೊಯಿ ಸುಕೆನಾಗ ಏದುಸಿರು ಬಿಡುತ್ತ ಬಂದರು. ಅರವತ್ಮೂರರ ಈ ಪಂಡಿತರು ಓಡಿದ್ದನ್ನು ಆ ಬೀದಿ ಎಂದೂ ಕಂಡಿರಲಿಲ್ಲ. ಇಪ್ಪತ್ತೆಂಟು ತಲೆಮಾರು ಅರಮನೆಗೆ ಚೀನೀ ಗ್ರಂಥಗಳನ್ನು ಓದಿ ಹೇಳಿದ ಮನೆತನ ಅವರದು. ಅದರ ವಂಶಾವಳಿಯ ಸುರುಳಿಯೇ ಕಾಣೆಯಾಗಿತ್ತು.

"ಇವತ್ತು ಪುಸ್ತಕಗಳಿಗೆ ಗಾಳಿ ಆಡಿಸೋ ದಿನ. ಪೆಟ್ಟಿಗೆ ಬಿಚ್ಚಿದ್ರೆ ಖಾಲಿ!"

"ಕೊನೇ ಸಲ ನೋಡಿದ್ದು?" ಇನ್ಸ್‌ಪೆಕ್ಟರ್ ಮೊಮೊಸೆ ಕೇಳಿದರು.

"ಮೇ ತಿಂಗಳಲ್ಲಿ, ವಸ್ತುಸಂಗ್ರಹಾಲಯಕ್ಕೆ ದಾನಪತ್ರ ಬರೆದುಕೊಟ್ಟಾಗ. ಈ ತಿಂಗಳ ಇಪ್ಪತ್ತೈದಕ್ಕೆ ಒಯ್ಯೋಕೆ ಬರ್ತಾರೆ."

ದೂರು ದಾಖಲಾಯಿತು. ೧೦-೩೦ಕ್ಕೆ ಮೊಮೊಸೆ, ಕಾನ್‌ಸ್ಟೆಬಲ್ ಉಗಾಕಿ ಇಬ್ಬರೂ ಹಗಿನೊಯಿ ಮನೆಯ ಉಗ್ರಾಣದಲ್ಲಿ ಪಂಚನಾಮೆಗೆ ಕೂತರು. ಬೀಗ ಒಡೆದಿರಲಿಲ್ಲ. ಪೆಟ್ಟಿಗೆಯ ದಾರಕ್ಕೆ ಹಾಕಿದ್ದ ಗಂಟು ಮನೆಯವರಿಗಷ್ಟೇ ಬರುವಂಥದ್ದು, ತಾನು ಬಿಚ್ಚುವವರೆಗೂ ಸರಿಯಾಗೇ ಇತ್ತು ಎಂದರು ಸುಕೆನಾಗ. ಪೆಟ್ಟಿಗೆಯ ತಳದಲ್ಲಿ ಹುಳ ಬಾರದಂತೆ ಇಡುವ ಔಷಧಿಯ ಪೊಟ್ಟಣವಿತ್ತು. ಮೊಮೊಸೆ ಮೂಸಿ ನೋಡಿದರು. ಘಾಟು ಮೂಗಿಗೆ ಹೊಡೆಯಿತು.

"ಇದನ್ನ ಬದಲಾಯಿಸೋದು ಯಾವಾಗ?"

"ವರ್ಷಕ್ಕೊಮ್ಮೆ, ಗಾಳಿ ಆಡಿಸಿದ ಮೇಲೆ. ಈ ವರ್ಷದ್ದು ಇನ್ನೂ ಆಗಿಲ್ಲ."

ಉಗಾಕಿ ನಕ್ಕ. "ಖಾಲಿ ಪೆಟ್ಟಿಗೆಗೆ ಹೊಸ ಔಷಧಿ ಇಟ್ಟು ಹೋಗೋ ಕಳ್ಳನ್ನ ಇವತ್ತೇ ಕಂಡಿದ್ದು ಸಾರ್!"

ಮೊಮೊಸೆ ನಗಲಿಲ್ಲ. ಸುರುಳಿ ಎತ್ತಿದರೆ ಪೊಟ್ಟಣ ಬದಲಿಸಬೇಕು. ವರ್ಷಗಟ್ಟಲೆ ಅದನ್ನೇ ಮಾಡಿದ ಕೈ ಕದಿಯುವಾಗಲೂ ರೂಢಿ ಬಿಟ್ಟಿರಲಿಲ್ಲ.

"ಔಷಧಿ ಇಡೋರು ಯಾರು?"

"ಅಕ್ಕ," ಎಂದ ಸುಕೆನಾಗರ ಮುಖ ಬಿಳಿಚಿತು.

ತೊಕಿವಾ ಜಗಲಿಯಲ್ಲಿ ಪರ್ಸಿಮನ್ ಹಣ್ಣಿನ ಸಿಪ್ಪೆ ಹೆರೆಯುತ್ತಿದ್ದರು. ಅರವತ್ತೆಂಟು ವರ್ಷ, ಮದುವೆಯಾಗಿರಲಿಲ್ಲ.

"ಅಮ್ಮಾ, ಔಷಧಿ ಯಾವತ್ತು ಬದಲಾಯಿಸಿದ್ರಿ?"

ಚಾಕು ನಿಂತಿತು. "ಹೋದ ಮಂಗಳವಾರ… ಅಯ್ಯೋ, ಅದನ್ನೂ ಇಟ್ಟೆನಾ?"

ತಾವೇ ಎದ್ದು ಹೋಗಿ ದೇವರ ಗೂಡಿನ ಹಿಂದಿನಿಂದ ಸುರುಳಿ ತಂದು ಬಿಚ್ಚಿದರು. ಗಂಡುಮಕ್ಕಳಿಗೆಲ್ಲ ಹೆಸರು, ಪದವಿ, ಬಿರುದು. ಹೆಣ್ಣುಮಕ್ಕಳ ಜಾಗದಲ್ಲಿ ತಲೆಮಾರುಗಳುದ್ದಕ್ಕೂ ಒಂದೇ ಮಾತು: 'ಹೆಣ್ಣು'. ಕೊನೆಯಲ್ಲಿ ಸುಕೆನಾಗರ ಹೆಸರು, ಪಕ್ಕದಲ್ಲಿ 'ಹೆಣ್ಣು', 'ಹೆಣ್ಣು'. ಮೊದಲನೆಯದರ ಕೆಳಗೆ ಹೊಸ ಮಸಿಯಲ್ಲಿ 'ಚಿಗುಸಾ' ಎಂದಿತ್ತು.

"ಅಕ್ಕ, ಚಿಗುಸಾ ಅಂದ್ರೆ ಯಾರು?" ಎಂದರು ಸುಕೆನಾಗ.

"ನಲವತ್ತೆಂಟು ವರ್ಷ ದಿನಾ ದೇವರ ಗೂಡಲ್ಲಿರೋ ಅವಳ ಫಲಕದ ಮುಂದೆ ದೀಪ ಹಚ್ಚಿದೀಯ. ಸತ್ತ ಮೇಲೆ ಮಠದ ಗುರುಗಳು ಫಲಕಕ್ಕೆ ಇಟ್ಟ ಹೆಸರಷ್ಟೇ ನಿನಗೆ ಗೊತ್ತು. ನಮ್ಮಕ್ಕ ಕಣೋ. ನಿನ್ನ ದತ್ತು ತಗೊಳ್ಳೋ ಹಿಂದಿನ ವರ್ಷ ಹೋದಳು, ಇಪ್ಪತ್ತೊಂದನೇ ವಯಸ್ಸಿಗೆ. ಅಪ್ಪನಿಗೆ ಕಣ್ಣು ಹೋದ ಮೇಲೆ ಓದಿದ್ದು ಅವಳು, ಹೇಗೆ ಓದಬೇಕು ಅಂತ ಗ್ರಂಥಕ್ಕೆ ಕೆಂಪು ಚುಕ್ಕೆ ಇಟ್ಟಿದ್ದು ಅವಳು. ಆ ಚುಕ್ಕೆ ನೋಡೇ ನೀನು ಪಂಡಿತ ಆದೆ."

ಸುಕೆನಾಗ ಮೊಮೊಸೆಯತ್ತ ತಿರುಗಿದರು. "ನನ್ನ ದೂರು ವಾಪಸ್ ತಗೋತೀನಿ ಸಾಹೇಬ್ರೆ."

"ಮನೆ ಸೊತ್ತಾಗಿದ್ರೆ ಆಗ್ತಿತ್ತು. ದಾನಪತ್ರ ಆಗಿದೆಯಲ್ಲ." ಮೊಮೊಸೆಗೆ ಈ ಮಾತು ಆಡುವುದೇ ಸಂಕಟವಾಯಿತು. "ವಸ್ತುಸಂಗ್ರಹಾಲಯದವರು ಈ ಹೆಸರನ್ನ ತೆಗೆದುಹಾಕಬಹುದು ಅಮ್ಮಾ."

"ಗೊತ್ತು. ಅಲ್ಲಿಗೆ ಹೋದ ಮೇಲೆ ಮುಟ್ಟೋಕೂ ಬಿಡಲ್ಲ ಅಂತಲೇ ಬರೆದೆ. ಇವತ್ತು ಗಾಳಿ ಆಡಿಸುವಾಗ ಇವನ ಕಣ್ಣಿಗೆ ಬೀಳಬಾರದು ಅಂತ ಅಡಗಿಸಿಟ್ಟೆ."

"ನಿಮ್ಮ ಹೆಸರು ಯಾಕೆ ಬರೀಲಿಲ್ಲ?"

"ನಾನಿನ್ನೂ ಇದೀನಲ್ಲಪ್ಪ, ಯಾರಾದ್ರೂ ಕರೆದ್ರೆ ಓ ಅಂತೀನಿ. ನಾನು ಸತ್ತರೆ ಅವಳ ಹೆಸರು ಬಲ್ಲೋರೇ ಇರಲ್ಲ."

ಮಧ್ಯಾಹ್ನ ೧-೨೦ಕ್ಕೆ ದಸ್ತಗಿರಿ. ಉಗಾಕಿ ಕೈಕೋಳ ಹಾಕಲೇ ಇಲ್ಲ. ಮೆಟ್ಟಿಲಲ್ಲಿ ಮುದುಕಿಯ ಕೈ ಹಿಡಿದು ಇಳಿಸಿದ.

ಠಾಣೆಯಲ್ಲಿ ಹೇಳಿಕೆ ಬರೆದಾದ ಮೇಲೆ ನಿಯಮದಂತೆ ಮೊಮೊಸೆ ಅದನ್ನು ಆರೋಪಿಗೆ ಓದಿ ಹೇಳಿದರು. ಕಳವಿನ ಕಾರಣ: ಅಕ್ಕ ಹಗಿನೊಯಿ ಚಿಗುಸಾಳ ಹೆಸರು ಉಳಿಯಲೆಂದು.

"ತಪ್ಪೇನಾದ್ರೂ ಇದೆಯಾ?"

"ಇಲ್ಲ. ಆ ಸಾಲು ಇನ್ನೊಂದ್ಸಲ ಓದ್ತೀರಾ?"

ಮೊಮೊಸೆ ಓದಿದರು. ತೊಕಿವಾ ಕಣ್ಣೊರೆಸಿಕೊಂಡು, ಹೇಳಿಕೆಯ ಕೆಳಗೆ ಸಹಿ ಹಾಕಿ ಹೆಬ್ಬೆಟ್ಟು ಒತ್ತಿದರು.