ಪರಶು ತಿಂದ ಸ್ಯಾಂಪಲ್

ಲ್ಯಾಬ್‌ನಿಂದ ಗೋವಾದ ಮಂಗೋರ್ ಹಿಲ್‌ನ ಮನೆಗೆ ಬಂದ ಶ್ವೇತಾ ಬಾಗಿಲಲ್ಲೇ ನಿಂತುಬಿಟ್ಟಳು. ಅವಳ ಪಕ್ಕದ ಟೇಬಲ್ಲಿನ ಸಂಶೋಧಕ ಪರಶು ಒಳಗೆ ಚಕ್ಕಳಮಕ್ಕಳ ಹಾಕಿ ಕೂತು, ಜೋಳದ ರೊಟ್ಟಿಯ ಜೊತೆ ತಿಸ್ರೆ ಚಿಪ್ಪುಮೀನಿನ ಸುಕ್ಕಾ ಚಪ್ಪರಿಸುತ್ತಿದ್ದ. ತಟ್ಟೆಯ ಪಕ್ಕ ಖಾಲಿ ಚಿಪ್ಪುಗಳ ಗುಡ್ಡೆ.

ಅಯ್ಯೋ, ಅವು ಅವಳ ಸ್ಯಾಂಪಲ್! ನದಿಯ ಕೆಸರಿನಿಂದ ಆರಿಸಿ ತಂದ ತಿಸ್ರೆಗಳು. ಲ್ಯಾಬಿನ ಫ್ರೀಜರ್ ಕೆಟ್ಟು ವಾರವಾಗಿತ್ತು, ರಿಪೇರಿಯ ಫೈಲು ಇನ್ನೂ ಯಾವುದೋ ಟೇಬಲ್ಲಿನ ಮೇಲೆ ನಿದ್ದೆ ಮಾಡುತ್ತಿತ್ತು. ಕಾಂಟ್ರಾಕ್ಟ್ ಮೇಲಿರುವವರ ಗೋಳು ಯಾರು ಕೇಳಬೇಕು? ಮನೆಯ ಫ್ರಿಜ್‌ಗೇ ತಂದಿಟ್ಟಿದ್ದಳು. ಇವುಗಳ ರಿಪೋರ್ಟ್ ಕೊಟ್ಟರೆ ಮಾತ್ರ ಅವಳ ಕೆಲಸ ಮುಂದುವರಿಯುವುದಿತ್ತು.

ಪರಶು ಬಂದದ್ದೇ ಅವನ್ನು ಉಳಿಸಲು. ಮನೆಯಲ್ಲಿ ಕರೆಂಟ್ ಹೋಗಿದೆ ಎಂದು ಅವಳು ಗೊಣಗಿದ್ದನ್ನು ಕೇಳಿ, ಮೀನು ಮಾರ್ಕೆಟ್‌ನಿಂದ ಐಸ್ ಹೊತ್ತು ತಂದಿದ್ದ. ಮಗಳ ಆಫೀಸಿನ ಸಾಹೇಬರನ್ನು ಅವ್ವ ಸುಂದರವ್ವ ಉಣ್ಣಿಸದೆ ಕಳಿಸುವಳೆ? ಹೇಗೂ ಕೆಡುತ್ತವೆಂದು ಫ್ರಿಜ್‌ನಲ್ಲಿದ್ದ ತಿಸ್ರೆಯನ್ನೆಲ್ಲ, ಸ್ಯಾಂಪಲ್ಲೆಂದು ತಿಳಿಯದೆ, ಹೊರಗಿನ ಒಲೆಯ ಮೇಲೆ ಹುರಿದಳು. ಇವತ್ತು ಸೋಮವಾರ, ಮನೆಯವರು ಮೀನು-ಮಾಂಸ ಮುಟ್ಟುವ ಹಾಗಿಲ್ಲ. ಅಷ್ಟೂ ಪರಶುವಿನ ತಟ್ಟೆಗೇ ಬಿತ್ತು; ಅವನು ಮಾರ್ಕೆಟ್ಟಿನ ತಿಸ್ರೆ ಎಂದುಕೊಂಡ.

"ನೀವು ನನ್ನ ಸ್ಯಾಂಪಲ್ ತಿನ್ನಾಕತ್ತೀರಿ," ಎಂದಳು ಶ್ವೇತಾ. "ಅದರಾಗ ಸೀಸ ಎಷ್ಟೈತಿ ಅಂತ ನೋಡೂದಿತ್ತು."

ಪರಶು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ, ಕಿವಿ ಕೆಂಪಾದವು. ಲ್ಯಾಬಿನಲ್ಲಿ ಅವಳನ್ನು ಕದ್ದು ನೋಡುತ್ತಿದ್ದ ಅವನ ಕಣ್ಣು ಇವತ್ತು ಎದುರೆದುರೇ ಸಿಕ್ಕಿಬಿದ್ದಿತ್ತು. ಸಿಟ್ಟು ಬರಬೇಕಾದಲ್ಲಿ ಅವಳಿಗೆ ಹಾಳಾದ ನಗು ಉಕ್ಕಿತು.

ನಾಳೆ ಪುಣೆಯಲ್ಲಿ ಅವನಿಗೆ ಪರ್ಮನೆಂಟ್ ನೌಕರಿಯ ಇಂಟರ್‌ವ್ಯೂ, ಇವತ್ತು ಸಂಜೆಗೇ ಬಸ್. ಅದನ್ನು ಬಿಟ್ಟು, ನಾಳೆ ನದಿಯ ನೀರು ಇಳಿದಾಗ ತಾನೂ ಕೆಸರಿಗಿಳಿದು ಹೊಸ ತಿಸ್ರೆ ಆರಿಸಿಕೊಡುವುದಾಗಿ ಹೇಳಿದ.

"ಖರೇ ಹೇಳ್ತೇನ್ರಿ, ನಿಮ್ಮನ್ನ ಬಿಟ್ಟು ಪುಣೆಕ್ಕ ಹೋಗಾಕ ಮನಸಿಲ್ಲ," ಅಂದ, ರೊಟ್ಟಿಯ ಕಡೆ ನೋಡುತ್ತ.

ಈ ಮಾತಿಗಾಗಿ ಶ್ವೇತಾ ಎಷ್ಟು ಕಾದಿದ್ದಳು! ಆದರೂ ಕೆಸರಿಗೆ ತಾನೊಬ್ಬಳೇ ಇಳಿಯುವೆನೆಂದು ಹೇಳಿ, ಕೈತೊಳೆಯಲು ತಂಬಿಗೆ ಕೊಟ್ಟು ಎಬ್ಬಿಸಿದಳು.

"ಸುಮ್ಮನ ಬಸ್ ಹತ್ರಿ. ನನ್ನ ಕಾಂಟ್ರಾಕ್ಟ್ ಉಳೀತೈತೋ ಇಲ್ಲೋ ಗೊತ್ತಿಲ್ಲ. ಇಬ್ಬರೊಳಗ ಒಬ್ಬರಿಗಾದ್ರೂ ಪರ್ಮನೆಂಟ್ ನೌಕರಿ ಇಲ್ಲಂದ್ರ, ನಮ್ಮಪ್ಪನ ಮುಂದ ಲಗ್ನದ ಮಾತು ಹೆಂಗ ತಗೀತೀರಿ?"

ಪರಶು ತಂಬಿಗೆಯ ನೀರನ್ನು ಕೈಗೆ ಬದಲು ಕಾಲ ಮೇಲೆ ಸುರಿದುಕೊಂಡ. ಇನ್ನೊಂದು ರೊಟ್ಟಿ ಹಾಕಲೇನೆಂದು ಸುಂದರವ್ವ ಒಳಗಿನಿಂದ ಕೇಳುತ್ತಲೇ ಇದ್ದಳು. ಇಬ್ಬರಿಗೂ ಕೇಳಿಸಲಿಲ್ಲ.