ಅವಳ ಕೈಗೆ ಕೊಟ್ಟ ಗಡಿಯಾರ

"ನಿಲ್ಲಿ!"

ಅವಳು ಕೂಗಿದ್ದಷ್ಟೇ ಅಲ್ಲ, ಅಂಗಿಯ ತೋಳು ಹಿಡಿದು ಅವನನ್ನು ಹಿಂದಕ್ಕೆ ಎಳೆದೂ ಬಿಟ್ಟಳು. ಕೈಗಡಿಯಾರ, ಬೀಗದ ಕೈ ಗೊಂಚಲು, ಬೆಲ್ಟು... ಇಷ್ಟು ಲೋಹ ಹೊತ್ತುಕೊಂಡು ಯಾರಾದರೂ ಎಂಆರ್‌ಐ ಕೋಣೆಗೆ ನುಗ್ಗುತ್ತಾರೆಯೇ? ಅಷ್ಟು ದೊಡ್ಡ ಅಯಸ್ಕಾಂತ ಒಳಗೆ ಬಾಯಿ ತೆರೆದು ಕುಳಿತಿರುವಾಗ?

ತಮಾಷೆಯೆಂದರೆ, ಅವನ ಕಸುಬೇ ಅಯಸ್ಕಾಂತದ್ದು. ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳನ್ನು ಅವನು ಆಸ್ಪತ್ರೆಯ ಹಿಂದಿನ ಪ್ರಯೋಗಾಲಯದಲ್ಲಿ ತಯಾರಿಸುತ್ತಿದ್ದ. ಕ್ಯಾನ್ಸರ್ ಗಡ್ಡೆಗೆ ಚುಚ್ಚಿದರೆ ಅವು ಸ್ಕ್ಯಾನ್‌ನಲ್ಲಿ ಕಪ್ಪಗೆ ಕಾಣುತ್ತವೆ. ಆಮೇಲೆ ಹೊರಗಿನಿಂದ ಕಾಂತಶಕ್ತಿ ಹಾಯಿಸಿದರೆ ಕಾದು, ಗಡ್ಡೆಯನ್ನು ಸುಡುತ್ತವೆ. ತೋರಿಸುವುದೂ ಅವೇ, ಕೊಲ್ಲುವುದೂ ಅವೇ. ಎಲ್ಲರ ಬಾಯಲ್ಲಿ ಅವನು ಕಬ್ಬಿಣದ ಡಾಕ್ಟ್ರು. ಯಂತ್ರ ನಡೆಸುವ ಅವಳು ಸ್ಕ್ಯಾನ್ ಮೇಡಂ.

ಅಂದಿನಿಂದ ಅವನು ಬಾಗಿಲಲ್ಲೇ ನಿಂತು ಗಡಿಯಾರ ಬಿಚ್ಚಿ ಅವಳ ಕೈಗಿಡತೊಡಗಿದ. ಪಕ್ಕದಲ್ಲೇ ಲಾಕರ್ ಇತ್ತು. ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ತನ್ನ ಮೇಜಿನ ಮೇಲೆ, ನೀರಿನ ಬಾಟಲಿಯ ಪಕ್ಕ ಅದನ್ನು ಇಟ್ಟುಕೊಂಡರೆ ಅವಳಿಗೆ ದಿನವೇ ಹಗುರಾಗುತ್ತಿತ್ತು.

ಹೀಗಿರುವಾಗ ಬಂದಳು ಗುಬ್ಬಿ.

ಅವನ ಅತ್ತೆಯ ಮಗಳು. ಹೊಟ್ಟೆಯಲ್ಲಿ ಗಡ್ಡೆ. ಒಂದು ಕಾಲದಲ್ಲಿ ಅವರಿಬ್ಬರಿಗೆ ಮದುವೆ ಮಾತಾಗಿತ್ತೆಂದು ನರ್ಸಕ್ಕ ಕಿವಿಯಲ್ಲಿ ಊದಿ ಹೋದಳು. ಸಾಲದ್ದಕ್ಕೆ, ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ಗುಬ್ಬಿಯ ಓಲೆಗಳನ್ನು ಅವನೇ ಮೆಲ್ಲಗೆ ಬಿಚ್ಚಿ ಎದೆಯ ಜೇಬಿಗೆ ಹಾಕಿಕೊಂಡ. "ಹೆದರ್ಬೇಡ ಕಣೇ ಗುಬ್ಬಿ, ನಾನಿದೀನಿ" ಎಂದ.

ಸ್ಕ್ಯಾನ್ ಮೇಡಂ ಒಳಗೊಳಗೇ ಉರಿದುಹೋದಳು. ಕಾಯಿಲೆಯವಳ ಮೇಲೆ ಹೊಟ್ಟೆಕಿಚ್ಚೇ, ನಾಚಿಕೆಯಾಗಬೇಕು ನಿನಗೆ ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಂಡರೂ ಕಿಚ್ಚು ಆರಲಿಲ್ಲ.

ಅವನು ಎಂದಿನಂತೆ ಗಡಿಯಾರ ಚಾಚಿದಾಗ ಮುಖ ತಿರುಗಿಸಿದಳು. "ಲಾಕರ್ ಇದೆ ಸಾರ್. ನಾನೇನು ನಿಮ್ಮ ಸಾಮಾನು ಕಾಯೋಳಾ?"

ಅವನು ಗಡಿಯಾರ ಮತ್ತೆ ಕಟ್ಟಿಕೊಂಡು ಹಿಂದಿರುಗಿದ. ಮರುದಿನದಿಂದ ಅವನ ಕೈಯಲ್ಲಿ ಗಡಿಯಾರವೇ ಇಲ್ಲ. ಅದಿದ್ದ ಜಾಗದಲ್ಲಿ ಚರ್ಮ ಬೆಳ್ಳಗೆ ಕಾಣುತ್ತಿತ್ತು. ಗುಬ್ಬಿಗೇ ಕೊಟ್ಟಿರಬೇಕು... ಇನ್ಯಾರಿಗೆ?

ಗುಬ್ಬಿಯ ಗಡ್ಡೆಗೆ ಕಣಗಳನ್ನು ಚುಚ್ಚಿದ ಮೇಲಿನ ಸ್ಕ್ಯಾನಿನ ದಿನ ಬಂತು. ಅವು ಗಡ್ಡೆಯೊಳಗೇ ನಿಂತಿದ್ದರೆ ಚಿಕಿತ್ಸೆ, ಚದುರಿದ್ದರೆ ಇಲ್ಲ. ಅವನು ಹೊರಗಿನ ಬೆಂಚಿನಲ್ಲಿ ಕಾಲು ಅಲುಗಿಸುತ್ತ ಕುಳಿತಿದ್ದ. ಒಳಗೆ ಗುಬ್ಬಿ ಹೆಡ್‌ಫೋನ್ ಹಾಕಿಕೊಂಡು ಯಂತ್ರದ ಕೊಳವೆಯಲ್ಲಿ ಮಲಗಿದ್ದಳು. ಗಾಜಿನ ಈಚೆಯಿಂದ ಮೇಡಂ ಮೈಕಿನಲ್ಲಿ, ಉಸಿರು ಹಿಡಿಯಿರಿ, ಅಲ್ಲಾಡಬೇಡಿ ಎಂದಳು.

ಮೊದಲ ಚಿತ್ರ ಮುಗಿದು ಯಂತ್ರದ ಸದ್ದು ನಿಂತ ಬಿಡುವಿನಲ್ಲಿ ನರ್ಸಕ್ಕ ಬಂದು, ಯಾಕಮ್ಮ ಮುಖ ಊದಿಸ್ಕೊಂಡಿದ್ದೀಯ ಎಂದು ಕೆಣಕಿದಳು. ಅಷ್ಟು ಸಾಕಾಯಿತು.

"ಅವರ ಪಾಲಿಗೆ ನಾನು ಗಡಿಯಾರ ನೇತುಹಾಕೋ ಗೂಟ, ಅಷ್ಟೇ ಅಕ್ಕ. ಗುಬ್ಬಿ ಓಲೆ ಮಾತ್ರ ಎದೆ ಜೇಬಿಗೆ. ಈ ಕೆಲಸಕ್ಕೆ ಸೇರಿದಾಗಿಂದ ನನ್ನ ಕಿವಿ ಬೋಳು... ಒಂದು ದಿನವಾದ್ರೂ ನೋಡಿದಾರಾ?"

ಎರಡನೆಯ ಚಿತ್ರ ಪೂರ್ತಿ ಕದಡಿಹೋಗಿತ್ತು. ಗುಬ್ಬಿಯ ಹೊಟ್ಟೆ ಕುಲುಕುತ್ತಿತ್ತು. ನೋವೇ? ಗಾಬರಿಯಿಂದ ಮೈಕಿನ ಗುಂಡಿಗೆ ಕೈಹಾಕಿದರೆ... ಅದರ ದೀಪ ಇನ್ನೂ ಉರಿಯುತ್ತಿತ್ತು. ಆಫ್ ಮಾಡಲು ಮರೆತಿದ್ದಳು!

ಓಡಿಹೋಗಿ ಹೊರಗೆಳೆದಾಗ ಗುಬ್ಬಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು.

"ಅಲ್ಲಾಡಬೇಡಿ ಅಂತೀರಿ, ಕಿವೀಲಿ ಇಂಥ ಕಥೆ ಹೇಳ್ತೀರಿ. ಹೇಗ್ರೀ ಸುಮ್ನೆ ಮಲಗೋದು?"

ಮೇಡಂ ಮುಖ ಎತ್ತಲಿಲ್ಲ. ಗುಬ್ಬಿ ಅವಳ ಕೈ ಹಿಡಿದಳು. ಆ ಕೈ ಮೂಳೆಯಷ್ಟೇ ಆಗಿತ್ತು.

"ಆ ಮದುವೆ ಬೇಡ ಅಂದೋಳು ನಾನೇ. ಆ ಗಡಿಯಾರ ನಮ್ಮ ಮಾವಂದು, ಇವನ ಅಪ್ಪಂದು. ಮಾವ ಹೋದ ಮೇಲೆ ಇವನು ಅದನ್ನ ಯಾರ ಕೈಗೂ ಕೊಟ್ಟಿಲ್ಲ, ನನಗೂ ಕೊಟ್ಟಿಲ್ಲ. ನಿಮಗೆ ದಿನಾ ಕೊಡ್ತಿದ್ದ ಅಂದ್ರೆ... ಇನ್ನೇನು ಬಾಯ್ಬಿಟ್ಟು ಹೇಳ್ಬೇಕು?" ಎಂದಳು. ಆಮೇಲೆ ದನಿ ತಗ್ಗಿತು. "ಈಗ ಸರಿಯಾಗಿ ಚಿತ್ರ ತೆಗೀರಿ. ನಿಮ್ಮ ಮದುವೆಗೆ ನಾನು ಬರಬೇಕು."

ಈ ಸಲ ಮೇಡಂ ಮೈಕ್ ಎರಡು ಬಾರಿ ನೋಡಿಕೊಂಡಳು. ಗುಬ್ಬಿ ಬದುಕಲಿ, ಬದುಕಲಿ ಎಂದು ಮನಸ್ಸು ಜಪಿಸುತ್ತಿತ್ತು. ಪರದೆಯ ಮೇಲೆ ಚಿತ್ರ ಮೂಡಿತು. ಗಡ್ಡೆ ಇದ್ದಷ್ಟೂ ಜಾಗ ಕಪ್ಪು. ಸುತ್ತ ಎಲ್ಲ ಸ್ವಚ್ಛ.

ಅವಳು ಅವನನ್ನು ಒಳಕ್ಕೆ ಕರೆದಳು. ನೋಡಿದವನೇ ಕುರ್ಚಿಗೆ ಕುಸಿದು ಕಣ್ಣೊರೆಸಿಕೊಂಡ.

"ನಿಂತಿವೆ... ಎಲ್ಲಾ ಅಲ್ಲೇ ನಿಂತಿವೆ."

ಅವಳು ಅವನ ಬರಿದಾದ ಕೈಯನ್ನೇ ನೋಡುತ್ತ, ಗಡಿಯಾರ ಎಲ್ಲಿ ಎಂದು ಕೇಳಿದಳು.

"ಮನೇಲಿದೆ. ನೀವು ಇಟ್ಕೊಳ್ಳಲ್ಲ ಅಂದ್ರಿ. ಲಾಕರ್‌ನಲ್ಲಿಡೋಕೆ ಮನಸ್ಸು ಬರ್ಲಿಲ್ಲ."

"ನಾಳೆ ತನ್ನಿ" ಎಂದು ಅಂಗೈ ಚಾಚಿದಳು. "ಆದ್ರೆ ಈ ಸಲ ವಾಪಸ್ ಕೊಡಲ್ಲ. ಟೈಮ್ ಎಷ್ಟು ಅಂತ ನನ್ನನ್ನೇ ಕೇಳ್ಬೇಕು."

ಖಾಲಿ ಅಂಗೈಯ ಮೇಲೆ ಅವನು ತನ್ನ ಕೈಯನ್ನೇ ಇಟ್ಟ.

"ದಿನಾನಾ?"

"ದಿನಾ."