ಮುಟ್ಟದ ಕೋಣೆಯ ಬಿರುಕು

ಬೆಳಿಗ್ಗೆ ಒಂಬತ್ತೂವರೆ. ಅಡುಗೆಮನೆಯ ಅಡ್ಡಗೋಡೆ ಅರ್ಧ ಬಿದ್ದಿತ್ತು.

ದೂಳು ಇಳಿದಾಗ ಬಾಗಿಲಲ್ಲಿ ಒಬ್ಬ ಗಂಡಸು ನಿಂತಿದ್ದ. ತಲೆಯಿಂದ ಚಪ್ಪಲಿಯವರೆಗೆ ಬಿಳಿ. ಕಣ್ಣು ಮಾತ್ರ ಪಿಳಿಪಿಳಿ.

"ಒಳಗೆ ಯಾರೂ ಬರಬಾರದು ಅಂತ ಹೇಳಿಲ್ವಾ?" ಗೋಡೆ ಒಡೆಯುತ್ತಿದ್ದ ಅವಳು ಸಮ್ಮಟಿಗೆಯನ್ನು ನೆಲಕ್ಕೂರಿ ಗದರಿದಳು. "ಯಾರು ನೀವು?"

"ಈ ಮನೆ ನಂದು... ನಿಮಗೆ ಕೆಲಸ ಒಪ್ಪಿಸಿದ್ದು ನಮ್ಮಕ್ಕ." ಕೆಮ್ಮಿದ. "ಅದು ಎಷ್ಟು ತೂಕ ಇದೆ?"

ಹಳೆ ಮನೆಗಳನ್ನು ಒಡೆದು ಹೊಸದಾಗಿಸುವುದು ಅವಳ ಕಸುಬು. ಮನೆಯವರೆಲ್ಲ ಕೇಳುತ್ತಿದ್ದದ್ದು ಎರಡೇ: ಯಾವಾಗ ಮುಗಿಯುತ್ತೆ, ಇಷ್ಟೊಂದು ದೂಳು ಯಾಕೆ? ಸಮ್ಮಟಿಗೆಯ ತೂಕ ಕೇಳಿದವರು ಯಾರೂ ಇರಲಿಲ್ಲ.

"ಎತ್ತಿ ನೋಡಿ," ಅಂದಳು.

ಎತ್ತಿದ. ಸಮ್ಮಟಿಗೆ ಮೊಣಕಾಲಿನವರೆಗೆ ಬಂದು ವಾಪಸ್ಸು ಹೋಯಿತು. ಅದರ ಹಿಂದೆ ಅವನೂ ಹೋದ!

ಒಡೆದ ಇಟ್ಟಿಗೆ ಹೊರುತ್ತಿದ್ದ ಅವಳ ಚಿಕ್ಕಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು.

ಅವನು ಗಡಿಯಾರ ರಿಪೇರಿ ಮಾಡುವವನು. ಮನೆ ಕೆಲಸ ಮುಗಿಯುವವರೆಗೆ ಅಕ್ಕನ ಮನೆಯಲ್ಲಿದ್ದ. ಅಲ್ಲಿಂದ ಅಂಗಡಿಗೆ ಹೋಗುವಾಗ ದಿನವೂ ಇಲ್ಲಿ ಹಾಜರು.

"ಹಾರೆಯ ತುದಿ ಯಾಕೆ ಬಾಗಿದೆ? ಗೋಡೆ ತಟ್ಟಿ ಏನು ಕೇಳಿಸ್ಕೋತೀರಿ?"

ಅವಳು ಮೊದಮೊದಲು ಒಲ್ಲದ ಮನಸ್ಸಿನಿಂದ ಉತ್ತರಿಸಿದಳು. ಆಮೇಲೆ ಕೇಳದಿದ್ದನ್ನೂ ಹೇಳತೊಡಗಿದಳು.

"ಬ್ರೇಕರ್ ಮೆಷಿನ್‌ಗೆ ಬರೀ ಬಲ. ಎಲ್ಲಿ ನಿಲ್ಲಿಸ್ಬೇಕು ಅನ್ನೋದು ಉಳಿಗೇ ಗೊತ್ತು."

"ಇವುಗಳ ಮೇಲೆ ನಿಮಗೆ ತುಂಬಾ ಪ್ರೀತಿ, ಅಲ್ವಾ?"

"ಹೌದು. ನಗಬೇಕಾದ್ರೆ ನಕ್ಕುಬಿಡಿ."

"ಯಾಕೆ ನಗಲಿ? ಅಂಗಡಿ ಮುಚ್ಚುವಾಗ ನಾನು 'ಹೋಗಿ ಬರ್ತೀನಿ' ಅಂತ ನನ್ನ ಚಿಮಟಕ್ಕೆ ಹೇಳ್ತೀನಿ."

ಅವನು ಹೋದ ಮೇಲೆ ಚಿಕ್ಕಮ್ಮ ಶುರು ಮಾಡಿದಳು. "ಹಾರೆ ನೋಡೋಕೆ ಬರ್ತಾನಂತೆ! ಹಾರೆ ಹಿಡಿದೋಳನ್ನ ನೋಡೋಕೆ ಅನ್ನು."

"ಸುಮ್ನಿರು ಚಿಕ್ಕಮ್ಮ. ಕೆಲಸ ಮುಗಿದ ಮೇಲೆ ಮನೆಯವರಿಗೆ ನಮ್ಮ ಮುಖ ಕೂಡ ನೆನಪಿರಲ್ಲ."

ಹಾಗಂದರೂ ಬೆಳಿಗ್ಗೆಯಾದರೆ ಅವಳ ಕಣ್ಣು ಬಾಗಿಲಿನ ಕಡೆಗೇ... 'ಇವನು ಯಾಕೆ ಬರುತ್ತಾನೆ? ನಿಜವಾಗಿಯೂ ಹಾರೆಗಾಗಿಯಾ?'

ಕೆಲಸ ಇನ್ನೊಂದು ದಿನಕ್ಕೆ ಮುಗಿಯಬೇಕಿತ್ತು. ಅವತ್ತು ಅವನು ಅವರಿಗಿಂತ ಮುಂಚೆಯೇ ಬಂದಿದ್ದ. ಮುಖ ಎತ್ತಲಿಲ್ಲ.

"ಮಲಗೋ ಕೋಣೇಲಿ ಬಿರುಕು ಬಂದಿದೆ. ಒಂದ್ಸಲ ನೋಡ್ತೀರಾ?"

ಆ ಕೋಣೆಯನ್ನು ಅವಳು ಮುಟ್ಟಿರಲೇ ಇಲ್ಲ! ಹಿಂದೊಬ್ಬ ಮನೆಯವನು ಹಳೆ ಬಿರುಕು ತೋರಿಸಿ, ಅವಳ ಮೆಷಿನ್ ಅದುರಿ ಹೀಗಾಯಿತು ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದ. ಬಹಳ ಕಾಲ ಅವಳಿಗೆ ಯಾರೂ ಕೆಲಸ ಕೊಟ್ಟಿರಲಿಲ್ಲ.

ಬಿರುಕನ್ನು ಬೆರಳಿನಿಂದ ಸವರಿದಳು. ಕಿಟಕಿಯ ಮೂಲೆಯಿಂದ ಹೊರಟಿರಲಿಲ್ಲ, ಸೂರಿನಿಂದ ಇಳಿದಿರಲಿಲ್ಲ. ಗೋಡೆಯ ನಟ್ಟನಡುವೆ ಹುಟ್ಟಿ ಗೇಣುದ್ದಕ್ಕೆ ನಿಂತಿತ್ತು. ಒಳಗೆ ಗಾರೆ ಇನ್ನೂ ಹೊಸದಾಗಿ ಹೊಳೆಯುತ್ತಿತ್ತು. ಅಂಚಿನುದ್ದಕ್ಕೂ ಕಾಳಿನಷ್ಟು ಸಣ್ಣ, ದುಂಡನೆಯ ಗುಳಿಗಳು...

"ಇದು ತಾನಾಗಿ ಬಂದ ಬಿರುಕಲ್ಲ." ಅವಳು ಅವನ ಕಡೆ ತಿರುಗಿದಳು. "ಗಡಿಯಾರ ರಿಪೇರಿ ಮಾಡೋ ಸುತ್ತಿಗೆಯಿಂದ ಕುಟ್ಟಿದ್ದು. ನನ್ನ ತಲೆಗೆ ಕಟ್ಟೋಕಾ? ಇಷ್ಟು ದಿನ ಕೇಳಿ ಕೇಳಿ ಕಲಿತದ್ದು ಇದಕ್ಕೇನಾ?"

"ನಿಮ್ಮ ತಲೆಗಾ? ಅಯ್ಯೋ, ಖಂಡಿತ ಇಲ್ಲ!"

"ಮತ್ಯಾಕೆ?"

"ನಾಳೆ ಕೆಲಸ ಮುಗಿಯುತ್ತೆ ಅಂದ್ರಿ."

"ಮುಗಿಯುತ್ತೆ. ಅದಕ್ಕೆ?"

"ಮುಗಿದ್ರೆ ನೀವು ಬರಲ್ಲ..."

ಅವಳು ನೆಲದ ಮೇಲಿನ ಚಿಟಿಕೆಯಷ್ಟು ಗಾರೆಪುಡಿಯನ್ನು ನೋಡಿದಳು. 'ಇಷ್ಟನ್ನು ಉದುರಿಸೋಕೆ ಎಷ್ಟು ಹೊತ್ತು ಕುಟ್ಟಿರಬಹುದು!'

"ಅದಕ್ಕೆ ಗೋಡೆ ಒಡೆದ್ರಾ?"

"ಒಡೆಯೋಕಾಗಲಿಲ್ಲ. ಬೆಳಕು ಹರಿದಾಗಿನಿಂದ ಕುಟ್ಟಿದೆ, ಇಷ್ಟೇ ಬಂತು."

ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಹೊಟ್ಟೆ ಹಿಡಿದು ನಕ್ಕಳು. ನಗುತ್ತಲೇ ಕಣ್ಣು ಒದ್ದೆಯಾಯಿತು.

"ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?"

"ನಿಮ್ಮ ಕೈಲಿ ಯಾವಾಗ್ಲೂ ಸಮ್ಮಟಿಗೆ ಇರ್ತಿತ್ತು."

"ಈಗ ಇಲ್ಲ. ಹೇಳಿ."

"ನನಗೆ ನೀವಂದ್ರೆ ಇಷ್ಟ. ಒಡೆಯೋಕೆ ಏನೂ ಉಳಿಯದಿದ್ರೂ ಬರ್ತೀರಾ?"

ಅವಳು ಚೀಲದಿಂದ ತನ್ನ ಉಳಿಯನ್ನು ತೆಗೆದಳು. ಅದನ್ನು ಅವಳು ಚಿಕ್ಕಮ್ಮನಿಗೂ ಮುಟ್ಟಗೊಡುತ್ತಿರಲಿಲ್ಲ. ಅವನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಚಿದಳು.

"ಬರ್ತೀನಿ. ಮೊದಲು ಈ ಬಿರುಕನ್ನ ಕೊಂಚ ಅಗಲ ಮಾಡಿ, ಆಮೇಲೆ ಮುಚ್ಚಬೇಕು. ಹಾಗಲ್ಲ... ಓರೆಯಾಗಿ ಹಿಡೀರಿ."

"ಹೀಗಾ?"

"ಹಾಗೇ. ನಿಧಾನ."

ಹೊರಗಿನಿಂದ ಚಿಕ್ಕಮ್ಮನ ದನಿ ಬಂತು. "ಅಲ್ಲಿ ಹೊರೋಕೆ ಏನಾದ್ರೂ ಇದೆಯಾ, ಇಲ್ಲ ನಾನು ಮನೆಗೆ ಹೋಗ್ಲಾ?"

"ಹೋಗು ಚಿಕ್ಕಮ್ಮ!"

ಆ ಬಿರುಕು ಮುಚ್ಚುವುದು ಅರ್ಧ ದಿನದ ಕೆಲಸ. ಮುಗಿಯಲು ಒಂದು ವಾರ ಹಿಡಿಯಿತು.